ಅಡ್ಡಹೆಸರಿಗೆ ಅಂಜದ ಬರಹ

ಶಾಲೆಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಅಡ್ಡಹೆಸರು ಇಡುವುದು ಹೊಸದೇನಲ್ಲ. ಕುಳ್ಳನಿಗೆ ಒಂದು, ಕನ್ನಡಕದವನಿಗೆ ಒಂದು, ಮಾತು ತೊದಲುವವನಿಗೆ ಮತ್ತೊಂದು. ಇವುಗಳಲ್ಲಿ ಹೆಚ್ಚಿನವು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವಷ್ಟರಲ್ಲಿ ಉದುರಿಹೋಗುತ್ತವೆ. ಉದುರದೇ ಉಳಿಯುವವು ಎರಡು ಬಗೆ. ಒಂದು, ಜಾತಿಯನ್ನೋ ಮೈಬಣ್ಣವನ್ನೋ ಹಿಡಿದು ಆಡಿದ್ದು. ಇನ್ನೊಂದು, ಗಂಡುಹುಡುಗನೊಬ್ಬನ ನಡಿಗೆ, ದನಿ, ಕೈ ಆಡಿಸುವ ರೀತಿ ನೋಡಿ ಅಂಟಿಸಿದ್ದು. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂಥ ಊರುಗಳಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿಕೊಂಡು ಬೆಳೆಯುತ್ತಾರೆ. ಈ ಎರಡನೆಯ ಬಗೆಯ ಹೆಸರು ಅವರಿಗೆ ಎರಡು ಭಾಷೆಗಳಲ್ಲೂ ಸಿದ್ಧವಾಗಿ ಸಿಗುತ್ತದೆ. ಯಾವ ಪಠ್ಯಪುಸ್ತಕವೂ ಕಲಿಸದ ಪದವನ್ನು ಆರನೇ ತರಗತಿಯ ಹುಡುಗ ತಪ್ಪಿಲ್ಲದೆ ಉಚ್ಚರಿಸುತ್ತಾನೆ.

ಆ ಹೆಸರು ಹೊತ್ತ ಹುಡುಗ ಮನೆಗೆ ಬಂದು ಏನನ್ನೂ ಹೇಳುವುದಿಲ್ಲ. ಹೇಳಿದರೆ ಅಪ್ಪನೂ ಅದೇ ಹೆಸರು ಹಿಡಿದಾನು ಎಂಬ ಅಂಜಿಕೆ. ಸಂಜೆ ಮೈದಾನಕ್ಕೆ ಹೋಗುವುದನ್ನು ಬಿಡುತ್ತಾನೆ, ನೀರು ಕುಡಿಯಲು ಎಲ್ಲರೂ ಹೋದ ಮೇಲೆ ಹೋಗುತ್ತಾನೆ. ಹೆತ್ತವರು ‘ನಮ್ಮ ಹುಡುಗ ಬಹಳ ಮೆತ್ತಗೆ, ಓದು ಬಿಟ್ಟರೆ ಬೇರೆ ಇಲ್ಲ’ ಎಂದು ಹೆಮ್ಮೆಪಡುತ್ತಾರೆ. ಆ ಮೆತ್ತಗಿನ ಹಿಂದೆ ಏನಿದೆ ಎಂದು ಕನ್ನಡದಲ್ಲಿ ಬಹಳ ಕಾಲ ಯಾರೂ ಬರೆದಿರಲಿಲ್ಲ. ಬರೆದವರು ವಸುಧೇಂದ್ರ.

ವಸುಧೇಂದ್ರ ಹುಟ್ಟಿದ್ದು 1969ರಲ್ಲಿ, ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ. ಕಬ್ಬಿಣದ ಅದಿರಿನ ಗುಡ್ಡಗಳ ನಡುವಿನ ಊರು ಅದು. ಓದಿನಲ್ಲಿ ಮುಂದಿದ್ದ ಹುಡುಗ; ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆಮೇಲೆ ಸಾಫ್ಟ್‌ವೇರ್ ಕಂಪನಿಯ ಕೆಲಸ. ಯಾವ ತಂದೆ-ತಾಯಿಯಾದರೂ ನೆರೆಮನೆಯವರಿಗೆ ಹೇಳಿಕೊಂಡು ತಿರುಗುವಂಥ ದಾರಿ. ಕೆಲಸದ ನಡುವೆ ಕಥೆ, ಪ್ರಬಂಧ ಬರೆದರು. ‘ಮನೀಷೆ’, ‘ಯುಗಾದಿ’, ‘ಚೇಳು’, ‘ಹಂಪಿ ಎಕ್ಸ್‌ಪ್ರೆಸ್’ ಬಂದವು. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಎಂಬ ಪ್ರಬಂಧಗಳ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿ ಮನೆಮಾತಾಯಿತು. ‘ಛಂದ ಪುಸ್ತಕ’ ಎಂಬ ಪ್ರಕಾಶನವನ್ನು ಕಟ್ಟಿ, ಹೆಸರಿಲ್ಲದ ಹೊಸ ಕಥೆಗಾರರ ಮೊದಲ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಹೊರತಂದರು. ಒಟ್ಟಿನಲ್ಲಿ, ಎಲ್ಲರೂ ಒಪ್ಪಿದ ಲೇಖಕ.

ಹೀಗೆ ಒಪ್ಪಿತನಾದವನಿಗೇ ಕಳೆದುಕೊಳ್ಳುವುದು ಹೆಚ್ಚು. ತಾವು ಹೆಣ್ಣನ್ನಲ್ಲ, ಗಂಡನ್ನೇ ಪ್ರೀತಿಸುವವರು ಎಂಬ ಸಂಗತಿಯನ್ನು ವಸುಧೇಂದ್ರ ಬಹುಕಾಲ ಒಳಗೇ ಇಟ್ಟುಕೊಂಡರು. ಆ ಮುಚ್ಚಿಡುವಿಕೆ ತಮ್ಮನ್ನು ಖಿನ್ನತೆಯವರೆಗೆ ತಳ್ಳಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇಂಥ ವಸ್ತುವಿನ ಕಥೆಯನ್ನು ಮೊದಲು ಅಚ್ಚಿಗೆ ಕೊಟ್ಟಾಗಲೂ ಸ್ವಂತ ಹೆಸರು ಹಾಕುವ ಧೈರ್ಯ ಬರಲಿಲ್ಲ. ವಿವೇಕ ಶಾನಭಾಗರು ಸಂಪಾದಿಸುತ್ತಿದ್ದ ‘ದೇಶ ಕಾಲ’ ಸಾಹಿತ್ಯ ಪತ್ರಿಕೆಯಲ್ಲಿ ಅದು ಬೇರೆ ಹೆಸರಿನಲ್ಲಿ ಪ್ರಕಟವಾಯಿತು. ಅಷ್ಟೊಂದು ಪುಸ್ತಕ ಬರೆದ, ಬೇರೆಯವರ ಪುಸ್ತಕಗಳನ್ನೂ ಅಚ್ಚುಹಾಕಿಸಿದ ಲೇಖಕ ಒಂದು ಕಥೆಗಾಗಿ ತನ್ನ ಹೆಸರನ್ನೇ ಬಚ್ಚಿಡಬೇಕಾಯಿತು ಎಂದರೆ ಆ ಅಂಜಿಕೆಯ ಅಳತೆ ಸಿಗುತ್ತದೆ.

2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನ ಬಂತು. ಈ ಸಲ ರಕ್ಷಾಪುಟದ ಮೇಲೆ ಅವರದೇ ಹೆಸರು. ಅಮ್ಮನ ಪುಸ್ತಕ ಓದಿ ಕಣ್ಣೊರೆಸಿಕೊಂಡಿದ್ದ ಓದುಗರಿಗೆ ಇದು ಸುಲಭದ ತುತ್ತಾಗಿರಲಿಕ್ಕಿಲ್ಲ.

ಪುಸ್ತಕದ ಹೆಚ್ಚಿನ ಕಥೆಗಳಿಗೆ ಮೋಹನಸ್ವಾಮಿ ಎಂಬ ಒಬ್ಬನೇ ನಾಯಕ. ಸಣ್ಣ ಊರಿನಿಂದ ಬಂದು ಬೆಂಗಳೂರು ಸೇರಿದವನು. ಸೈಕಲ್ ಹೊಡೆಯುವಂಥ ಸಾಮಾನ್ಯ ಸಂಗತಿಯೂ ಇಂಥ ಹುಡುಗನಿಗೆ ಗಂಡಸುತನದ ಪರೀಕ್ಷೆಯಾಗುತ್ತದೆ. ‘ಕಗ್ಗಂಟು’ ಕಥೆಯಲ್ಲಿ ಜತೆಗೇ ಬಾಳುತ್ತಿದ್ದ ಗೆಳೆಯ ಕಾರ್ತಿಕ್ ಒಂದು ದಿನ ಹುಡುಗಿಯನ್ನು ಮದುವೆಯಾಗಲು ಒಪ್ಪಿಬಿಡುತ್ತಾನೆ. ಕಾರ್ತಿಕ್‌ಗೆ ಲಗ್ನಪತ್ರಿಕೆ, ಛತ್ರ, ನೆಂಟರು ಎಲ್ಲ ಇದ್ದಾರೆ. ಮೋಹನಸ್ವಾಮಿಯ ದುಃಖಕ್ಕೆ ಮಾತ್ರ ಹೆಸರಿಲ್ಲ. ಗಂಡ ಸತ್ತರೆ, ಹೆಂಡತಿ ಬಿಟ್ಟುಹೋದರೆ ಊರು ಬಂದು ಕೂತು ಸಮಾಧಾನ ಹೇಳುತ್ತದೆ. ಇಲ್ಲಿ ಅಳುವುದಕ್ಕೂ ಬಾಗಿಲು ಹಾಕಿಕೊಳ್ಳಬೇಕು. ಕೊನೆಯಲ್ಲಿ ಅವನು ಆಫ್ರಿಕಾದ ಕಿಲಿಮಂಜಾರೋ ಬೆಟ್ಟ ಹತ್ತುವ ಕಥೆಯಿದೆ.

ಎಲ್ಲ ಕಥೆಗಳೂ ಒಂದೇ ತೂಕದವಲ್ಲ. ಕೆಲವೆಡೆ ಲೇಖಕರಿಗೆ ಹೇಳಲೇಬೇಕಾದ ಸಂಗತಿಗಳ ಒತ್ತಡ ಹೆಚ್ಚಾಗಿ ಕಥೆ ವರದಿಯ ಹಾಗೆ ಓಡುತ್ತದೆ. ಆದರೆ ಅವರ ದೊಡ್ಡ ಗುಣವೆಂದರೆ ಭಾಷೆ. ಇದು ದೆಹಲಿ-ಮುಂಬಯಿಯ ಇಂಗ್ಲಿಷ್ ಮಾತಾಡುವವರ ರೋಗ ಎಂದು ತಳ್ಳಿಹಾಕುತ್ತಿದ್ದವರಿಗೆ, ಅಡುಗೆಮನೆ, ಹಬ್ಬ, ಹಾಸ್ಟೆಲು, ಅಕ್ಕನ ಮದುವೆ ಇವುಗಳ ನಡುವಿನ ಕನ್ನಡದಲ್ಲೇ ಅವರು ಉತ್ತರ ಕೊಟ್ಟರು. ಬೆಂಗಳೂರಿನವರೇ ಆದ ನಾಟಕಕಾರ ಮಹೇಶ್ ದತ್ತಾನಿ 1990ರ ದಶಕದಲ್ಲೇ ಈ ವಸ್ತುವನ್ನು ರಂಗದ ಮೇಲೆ ತಂದಿದ್ದರು, ನಿಜ. ಆದರೆ ಅದು ಇಂಗ್ಲಿಷಿನಲ್ಲಿ. ಸಂಡೂರಿನ ಅಥವಾ ದಿಬ್ಬೂರಹಳ್ಳಿಯ ಮನೆಯ ಜಗಲಿಗೆ ಬರುವುದು ಕನ್ನಡ ಪುಸ್ತಕವೇ. ರಶ್ಮಿ ತೆರದಾಳ್ ಅವರು ಮಾಡಿದ ‘ಮೋಹನಸ್ವಾಮಿ’ಯ ಇಂಗ್ಲಿಷ್ ಅನುವಾದ 2016ರಲ್ಲಿ ಬಂತು. ಕನ್ನಡದಲ್ಲಿ ಮೊದಲು ಹುಟ್ಟಿ ಆಮೇಲೆ ಇಂಗ್ಲಿಷಿಗೆ ಹೋದದ್ದು ಇಲ್ಲಿಯ ವಿಶೇಷ.

ಹುಟ್ಟಿನಿಂದ ಬಂದದ್ದಕ್ಕೆ ಶಿಕ್ಷೆ ಅನುಭವಿಸುವ ಈ ಕಥೆ ನಮ್ಮಲ್ಲಿಯದು ಮಾತ್ರವಲ್ಲ. ಅಮೆರಿಕದ ಜೇಮ್ಸ್ ಬಾಲ್ಡ್ವಿನ್ ಈ ಭಾರವನ್ನು ಎರಡು ಪಟ್ಟು ಹೊತ್ತವನು. ಅವನು ಕಪ್ಪು ಜನಾಂಗದವನು, ಜತೆಗೆ ಸಲಿಂಗಪ್ರೇಮಿ. ಹುಟ್ಟಿದ್ದು 1924ರ ಆಗಸ್ಟ್ 2ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಒಂಬತ್ತು ಮಕ್ಕಳಲ್ಲಿ ಹಿರಿಯ. ಮಲತಂದೆ ಚರ್ಚಿನ ಬೋಧಕ. ಬಡತನ, ಸಿಟ್ಟು, ಬಿಳಿಯರ ಮೇಲಿನ ದ್ವೇಷ ಎಲ್ಲ ಸೇರಿ ಕಹಿಯಾಗಿದ್ದ ಮನುಷ್ಯ. ಹುಡುಗನಿಗೆ ನೀನು ಕುರೂಪಿ ಎಂದು ಹೇಳುತ್ತಿದ್ದವನು ಹೊರಗಿನವನಲ್ಲ, ಈ ಮಲತಂದೆಯೇ. ಮನೆಯಲ್ಲಿ ಹಿರಿಯರು ಆಡಿದ ಮಾತು ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಬಾಲ್ಡ್ವಿನ್ನನ ಬರಹಗಳೇ ಸಾಕ್ಷಿ. ಹೆಸರಾಂತ ಲೇಖಕನಾದ ಮೇಲೂ ಅವನು ಆ ಮಾತಿಗೆ ಉತ್ತರ ಹೇಳುತ್ತಲೇ ಇದ್ದ.

ಅವನನ್ನು ಎತ್ತಿಹಿಡಿದದ್ದು ಶಾಲೆ. ಓರಿಲ್ಲಾ ಮಿಲ್ಲರ್ ಎಂಬ ಬಿಳಿಯ ಶಿಕ್ಷಕಿ ಈ ಕಪ್ಪು ಹುಡುಗನ ಚುರುಕು ಕಂಡು ಅವನನ್ನು ನಾಟಕಕ್ಕೆ, ಸಿನಿಮಾಕ್ಕೆ ಕರೆದೊಯ್ದಳು. ತಂದೆಗೆ ಇಷ್ಟವಿರಲಿಲ್ಲ. ಬಿಳಿಯರನ್ನು ದ್ವೇಷಿಸಲು ಬೇಕಾದಷ್ಟು ಕಾರಣಗಳಿದ್ದರೂ ತನ್ನಿಂದ ಅದು ಪೂರ್ತಿಯಾಗಿ ಸಾಧ್ಯವಾಗದ್ದಕ್ಕೆ ಈ ಶಿಕ್ಷಕಿಯೂ ಒಂದು ಕಾರಣ ಎಂದು ಬಾಲ್ಡ್ವಿನ್ ಮುಂದೆ ನೆನೆದ. ಹದಿನಾಲ್ಕನೇ ವಯಸ್ಸಿಗೆ ತಾನೂ ಚರ್ಚಿನಲ್ಲಿ ಬೋಧಕನಾಗಿ ಮೂರು ವರ್ಷ ಉಪದೇಶ ಮಾಡಿದ. ಅವನ ಗದ್ಯದ ಏರಿಳಿತ ಅಲ್ಲಿ ಕಲಿತದ್ದು. ಹದಿನೆಂಟರ ಆಚೀಚೆ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ‘ಕಪ್ಪು ಜನಕ್ಕೆ ಇಲ್ಲಿ ಕೊಡುವುದಿಲ್ಲ’ ಎಂದಾಗ ನೀರಿನ ಪಾತ್ರೆಯನ್ನು ಎತ್ತಿ ಎಸೆದ. ಅದು ಹಿಂದಿನ ಕನ್ನಡಿಗೆ ಬಡಿದು ಒಡೆಯಿತು. ಆ ರಾತ್ರಿ ತಪ್ಪಿಸಿಕೊಂಡು ಓಡಿದವನಿಗೆ ಹೊಳೆದದ್ದು ಎರಡು ಸಂಗತಿ. ಒಂದು, ತನ್ನನ್ನು ಅವರು ಕೊಲ್ಲಬಹುದಿತ್ತು. ಇನ್ನೊಂದು, ತಾನೂ ಕೊಲ್ಲಲು ಸಿದ್ಧನಾಗಿದ್ದೆ. ಎರಡನೆಯದೇ ಅವನನ್ನು ಹೆಚ್ಚು ಹೆದರಿಸಿತು.

1943ರ ಜುಲೈ 29ರಂದು ತಂದೆ ತೀರಿಕೊಂಡ. ಅದೇ ದಿನ ಮನೆಯಲ್ಲಿ ಕೊನೆಯ ಮಗು ಹುಟ್ಟಿತು. ಕೆಲವೇ ದಿನಗಳಲ್ಲಿ ಹಾರ್ಲೆಮ್‌ನಲ್ಲಿ ಗಲಭೆ ಎದ್ದಿತು; ಒಡೆದ ಗಾಜುಗಳ ನಡುವೆ ತಂದೆಯ ಶವ ಸ್ಮಶಾನಕ್ಕೆ ಹೋಯಿತು. 1948ರ ನವೆಂಬರಿನಲ್ಲಿ ಕಿಸೆಯಲ್ಲಿ 40 ಡಾಲರ್ ಇಟ್ಟುಕೊಂಡು ಬಾಲ್ಡ್ವಿನ್ ಪ್ಯಾರಿಸಿಗೆ ಹೊರಟುಬಿಟ್ಟ. ಅಮೆರಿಕದಲ್ಲೇ ಉಳಿದಿದ್ದರೆ ಯಾರನ್ನಾದರೂ ಕೊಲ್ಲುತ್ತಿದ್ದೆ ಅಥವಾ ಸಾಯುತ್ತಿದ್ದೆ ಎಂಬ ಭಯ ಅವನಿಗೆ.

1953ರಲ್ಲಿ ಮೊದಲ ಕಾದಂಬರಿ ‘ಗೋ ಟೆಲ್ ಇಟ್ ಆನ್ ದಿ ಮೌಂಟನ್’ ಬಂದು ಹೆಸರಾಯಿತು. ಎರಡನೆಯ ಕಾದಂಬರಿ ‘ಜಿಯೊವಾನಿಸ್ ರೂಮ್’ ಪ್ಯಾರಿಸಿನಲ್ಲಿ ಇಬ್ಬರು ಗಂಡಸರ ಪ್ರೀತಿಯ ಕಥೆ; ಅದರಲ್ಲಿ ಕಪ್ಪು ಪಾತ್ರಗಳೇ ಇಲ್ಲ. ಮೊದಲ ಪುಸ್ತಕ ತಂದಿದ್ದ ಪ್ರಕಾಶಕರು ಇದನ್ನು ಒಪ್ಪಲಿಲ್ಲ. ನೀನು ಕಪ್ಪು ಜನರ ಲೇಖಕ, ಇದನ್ನು ಅಚ್ಚಿಸಿದರೆ ಓದುಗರನ್ನು ಕಳೆದುಕೊಳ್ಳುತ್ತೀ ಎಂಬ ಎಚ್ಚರಿಕೆ ಬಂತು. ಬೇರೆಯವರಲ್ಲಿಗೆ ಹೋಗಿ 1956ರಲ್ಲಿ ಅದನ್ನು ಹೊರತಂದ, ತನ್ನದೇ ಹೆಸರಿನಲ್ಲಿ. ಎಚ್ಚರಿಕೆ ಪೂರ್ತಿ ಸುಳ್ಳೇನೂ ಆಗಲಿಲ್ಲ. 1963ರಲ್ಲಿ ‘ದಿ ಫೈರ್ ನೆಕ್ಸ್ಟ್ ಟೈಮ್’ ಬಂದು ವರ್ಣದ್ವೇಷದ ವಿರುದ್ಧ ಅವನಷ್ಟು ತೀಕ್ಷ್ಣವಾಗಿ ಬರೆಯುವವರಿಲ್ಲ ಎನ್ನಿಸಿಕೊಂಡ ಮೇಲೂ, 1968ರಲ್ಲಿ ಕಪ್ಪು ಜನರ ಹೋರಾಟದವನೇ ಆದ ಎಲ್ಡ್ರಿಜ್ ಕ್ಲೀವರ್ ಬಾಲ್ಡ್ವಿನ್ನನ ಸಲಿಂಗಪ್ರೇಮವನ್ನೇ ಹಿಡಿದು ಜರೆದ. ಇನ್ನೊಂದು ಕಡೆ ಎಫ್.ಬಿ.ಐ. ಅವನ ಮೇಲೆ ಕಣ್ಣಿಟ್ಟು ಕಟ್ಟಿದ ಕಡತ 1,884 ಪುಟ. ಬಹಳ ಕಾದಂಬರಿಗಳು ಅಷ್ಟು ದಪ್ಪ ಇರುವುದಿಲ್ಲ.

ಅವನೊಬ್ಬನ ಪಾಡಲ್ಲ ಇದು. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ವಾಷಿಂಗ್ಟನ್ನಿನ ಮಹಾ ಮೆರವಣಿಗೆಯನ್ನು ಸಂಘಟಿಸಿದವನು ಬೇಯರ್ಡ್ ರಸ್ಟಿನ್. 1948ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯವರ ಅಹಿಂಸೆಯ ದಾರಿಯನ್ನು ಅಭ್ಯಾಸ ಮಾಡಿಹೋದವನು. ಅವನೂ ಸಲಿಂಗಪ್ರೇಮಿ ಎಂಬ ಕಾರಣಕ್ಕೆ ಹೋರಾಟದ ನಾಯಕರು ಅವನನ್ನು ಮುಂದಿನ ಸಾಲಿಗೆ ತರಲು ಹಿಂಜರಿಯುತ್ತಿದ್ದರು. ವಿರೋಧಿಗಳಂತೂ ಸೆನೆಟ್ಟಿನಲ್ಲೇ ಅವನ ಹೆಸರೆತ್ತಿ ಹೀಗಳೆದರು. ಆ ಮೆರವಣಿಗೆಗೆ ಬಾಲ್ಡ್ವಿನ್ನನೂ ಹೋಗಿದ್ದ. ಭಾಷಣಕಾರರ ಪಟ್ಟಿಯಲ್ಲಿ ಅವನಿಗೆ ಜಾಗವಿರಲಿಲ್ಲ.

ಅನ್ಯಾಯಕ್ಕೆ ಒಳಗಾದವರು ಇನ್ನೊಂದು ಅನ್ಯಾಯವನ್ನು ತಾವಾಗಿಯೇ ಅರ್ಥಮಾಡಿಕೊಳ್ಳುತ್ತಾರೆ ಎಂದು ನಂಬುವುದು ಸುಲಭ. ಹಾಗಾಗುವುದಿಲ್ಲ ಎಂಬುದಕ್ಕೆ ಬಾಲ್ಡ್ವಿನ್ನನ ಬಾಳು ಉದಾಹರಣೆ. ಎರಡು ನೋವುಗಳಿಗೆ ಒಂದು ವ್ಯತ್ಯಾಸವೂ ಇದೆ. ಜಾತಿಯ ಮಾತು ಕೇಳಿ ನೊಂದ ಮಗು ಮನೆಗೆ ಬಂದರೆ ಅಲ್ಲಿ ಅದೇ ಮಾತು ಕೇಳಿದ ಅಪ್ಪ, ಅಮ್ಮ, ಅಜ್ಜಿ ಇರುತ್ತಾರೆ. ನೋವು ಕಡಿಮೆಯಾಗುವುದಿಲ್ಲ, ಆದರೆ ಅದಕ್ಕೆ ನೆಂಟರಿರುತ್ತಾರೆ. ಸಲಿಂಗಪ್ರೇಮಿಯಾದ ಮಗುವಿಗೆ ಮನೆಯೇ ಮೊದಲ ಪರಕೀಯ ಜಾಗ. ಅವನ ಹಾಗಿರುವವರು ಯಾರೂ ಅಲ್ಲಿಲ್ಲ. ಇದ್ದರೂ ಅವರೂ ಬಚ್ಚಿಟ್ಟುಕೊಂಡಿದ್ದಾರೆ.

ವರ್ಣದ್ವೇಷ ಅಮೆರಿಕದ ಮಾತು, ನಮಗೇಕೆ ಎನ್ನುವವರು ದಿಬ್ಬೂರಹಳ್ಳಿಯ ಸೀಮೆಯಲ್ಲಿ ಇರಲಾರರು. ನೆರೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ಆಗ ಇದು ಕೋಲಾರ ಜಿಲ್ಲೆ. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕನ್ನಡದಲ್ಲಿ ಈ ದ್ವೇಷಕ್ಕೆ ಹೆಸರು ಹಿಡಿದು ಉತ್ತರ ಕೊಟ್ಟ ಬರಹಗಳು ಮೊದಲೇ ಬಂದಿದ್ದವು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಎರಡೂ 1990ರ ದಶಕದ ಆತ್ಮಕಥನಗಳು. ಅವಮಾನವನ್ನು ಬಚ್ಚಿಡದೆ ಊರ ಮುಂದೆ ಇಟ್ಟು, ನಾಚಬೇಕಾದವನು ನಾನಲ್ಲ ಎಂದು ತೋರಿಸುವ ಕೆಲಸ ಅವು ಮಾಡಿದವು. ಸಿದ್ಧಲಿಂಗಯ್ಯನವರಂತೂ ನಗಿಸುತ್ತಲೇ ಅದನ್ನು ಮಾಡಿದರು. ‘ಮೋಹನಸ್ವಾಮಿ’ ಕಥೆಗಳು ಬರುವ ಹೊತ್ತಿಗೆ ಕನ್ನಡಕ್ಕೆ ಇಂಥ ಬರಹವನ್ನು ಕೇಳಿಸಿಕೊಳ್ಳುವ ಕಿವಿ ಬಂದಿತ್ತು ಎಂದರೆ ಅದರ ಹಿಂದೆ ದಲಿತ ಬರಹಗಾರರ ದುಡಿಮೆ ಇದೆ.

ವಸುಧೇಂದ್ರರ ಬರಹ ಒಂದೇ ವಸ್ತುವಿಗೆ ಕಟ್ಟುಬೀಳಲಿಲ್ಲ. 2019ರಲ್ಲಿ ಬಂದ ‘ತೇಜೋ ತುಂಗಭದ್ರಾ’ ಹದಿನೈದು-ಹದಿನಾರನೇ ಶತಮಾನದ ಲಿಸ್ಬನ್, ಗೋವಾ ಮತ್ತು ವಿಜಯನಗರದ ಸೀಮೆಗಳನ್ನು ಒಂದೇ ನೂಲಿನಲ್ಲಿ ಪೋಣಿಸಿದ ದೊಡ್ಡ ಕಾದಂಬರಿ. ತೇಜೋ ಎಂದರೆ ಲಿಸ್ಬನ್ನಿನ ನದಿ. ಬೆಲ್ಲಾ ಎಂಬ ಯಹೂದಿ ಹುಡುಗಿ, ಗೇಬ್ರಿಯಲ್ ಎಂಬ ಕ್ರೈಸ್ತ ಹುಡುಗ ಅದರಲ್ಲಿ ಬರುತ್ತಾರೆ. ಈ ಕಥೆಯ ಹಿಂದಿನ ಚರಿತ್ರೆ ಭೀಕರವಾದದ್ದು. 1492ರಲ್ಲಿ ಸ್ಪೇನಿನಿಂದ ಓಡಿಸಲ್ಪಟ್ಟ ಯಹೂದಿಗಳು ಪೋರ್ಚುಗಲ್ಲಿಗೆ ಬಂದರು. 1497ರಲ್ಲಿ ಅಲ್ಲಿಯ ದೊರೆ ಅವರನ್ನು ಬಲವಂತವಾಗಿ ಮತಾಂತರಿಸಿದ. ಮತ ಬದಲಿಸಿದರೂ ಹುಟ್ಟು ಬಿಡಲಿಲ್ಲ. ಅವರನ್ನು ‘ಹೊಸ ಕ್ರೈಸ್ತರು’ ಎಂದು ಬೇರೆಯಾಗಿಯೇ ಗುರುತಿಟ್ಟರು. 1506ರಲ್ಲಿ ಲಿಸ್ಬನ್ನಿನಲ್ಲಿ ಜನರ ಗುಂಪು ಅವರ ಮೇಲೆ ಬಿದ್ದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದಿತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಪೋರ್ಚುಗಲ್ಲಿನ ಧರ್ಮವಿಚಾರಣೆಯ ನ್ಯಾಯಾಲಯ ಗುಟ್ಟಾಗಿ ಯಹೂದಿ ಆಚಾರ ಪಾಲಿಸುವವರನ್ನು ಹುಡುಕಿ ಹಿಡಿಯುತ್ತಿತ್ತು. ಅದೇ ನ್ಯಾಯಾಲಯ ಗಂಡಸನ್ನು ಕೂಡಿದ ಗಂಡಸನ್ನೂ ಹಿಡಿದು ಶಿಕ್ಷಿಸುತ್ತಿತ್ತು. ಎರಡಕ್ಕೂ ಒಂದೇ ಕಛೇರಿ, ಒಂದೇ ಸೆರೆಮನೆ. 1560ರಲ್ಲಿ ಅದರ ಶಾಖೆ ಗೋವಾಕ್ಕೂ ಬಂತು. ‘ಮೋಹನಸ್ವಾಮಿ’ ಬರೆದವರು ಯಹೂದಿಗಳ ಕಥೆಗೆ ಹೋದದ್ದು ವಸ್ತುವಿನ ಬದಲಾವಣೆ ಎಂದು ಕಂಡರೂ ಒಳಗೆ ಹೆಚ್ಚೇನೂ ಬದಲಾಗಿಲ್ಲ. ಮೈತ್ರೇಯಿ ಕರ್ನೂರ್ ಅವರ ಅನುವಾದದಲ್ಲಿ ಈ ಕಾದಂಬರಿ 2022ರಲ್ಲಿ ಇಂಗ್ಲಿಷಿಗೂ ಹೋಯಿತು. ಇದಾದ ಮೇಲೆ ಬಂದ ‘ರೇಷ್ಮೆ ಬಟ್ಟೆ’ ಎಂಬ ಕಾದಂಬರಿಯ ಹೆಸರು ಕೇಳಿದರೆ ಗೂಡಿನ ಮಾರುಕಟ್ಟೆಯ ಶಿಡ್ಲಘಟ್ಟದವರಿಗೆ ಸೀರೆ, ಪಂಚೆ ನೆನಪಾದೀತು. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ. ಅದು ಚೀನಾದ ಕಡೆಯಿಂದ ರೇಷ್ಮೆ ನಡೆದುಬಂದ ಹಳೆಯ ಹೆದ್ದಾರಿಯ ಕಥೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ನಾಲ್ಕು ಜ್ವರ ದಾಟಿಸಿ ಹುಳುವನ್ನು ಚಂದ್ರಿಕೆಗೆ ಬಿಡುವ ಮನೆಗಳ ಮಕ್ಕಳು ಓದಬೇಕಾದ ಪುಸ್ತಕ.

ಕಾನೂನಿನ ಮಾತಿಗೆ ಬರೋಣ. ‘ಮೋಹನಸ್ವಾಮಿ’ ಬಂದ ವರ್ಷವೇ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ಸಲಿಂಗಪ್ರೇಮಿಗಳನ್ನು ಮತ್ತೆ ಅಪರಾಧಿಗಳ ಸಾಲಿಗೆ ಸೇರಿಸಿತು. ದಂಡಸಂಹಿತೆಯ 377ನೇ ಕಲಮು ಅವರಿಗೆ ಅನ್ವಯಿಸದು ಎಂದು 2009ರ ಜುಲೈ 2ರಂದು ದೆಹಲಿ ಹೈಕೋರ್ಟು ಹೇಳಿತ್ತು. ಅದನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಆ ಕಲಮಿನಲ್ಲಿ ಜೀವಾವಧಿಯವರೆಗೂ ಶಿಕ್ಷೆಗೆ ಅವಕಾಶವಿತ್ತು. ಹಾಗಾಗಿ ಆ ದಿನಗಳಲ್ಲಿ ತನ್ನ ಹೆಸರು ಹಾಕಿ ಇಂಥ ಪುಸ್ತಕ ತರುವುದು ಬರೀ ಸಂಕೋಚ ಮೀರುವ ವಿಷಯವಾಗಿರಲಿಲ್ಲ.

ಈ ಕಟ್ಟು ಬಿಚ್ಚಿದ್ದರಲ್ಲಿ ಕನ್ನಡನಾಡಿನ ಒಬ್ಬ ಹಿರಿಯರ ಪಾಲೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಹಾಗೆ ಸಾರುವಾಗ 2013ರ ತೀರ್ಪಿನ ತರ್ಕವನ್ನೂ ಟೀಕಿಸಿತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೇ ಕಲಮು ಇಲ್ಲವೇ ಇಲ್ಲ. ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆಗೆ ಮಾತ್ರ ಕಾನೂನಿನ ಮನ್ನಣೆ ಸಿಕ್ಕಿಲ್ಲ. ಅದನ್ನು ಕೊಡುವುದು ಶಾಸಕಾಂಗದ ಕೆಲಸ ಎಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಹೇಳಿತು.

ಇದು ನಮ್ಮ ಸಂಸ್ಕೃತಿಯಲ್ಲ, ಹೊರಗಿನಿಂದ ಬಂದದ್ದು ಎಂಬ ಮಾತು ಅರಳೀಕಟ್ಟೆಯಿಂದ ವಿಧಾನಸೌಧದವರೆಗೆ ಕೇಳುತ್ತದೆ. ಹೊರಗಿನಿಂದ ಬಂದದ್ದು ಪ್ರೀತಿಯಲ್ಲ, ಕಲಮು. 1533ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಮಾಡಿದ ಕಾಯಿದೆಯ ಮರಿಮಗು 1860ರ ನಮ್ಮ 377. ಹಾಗೆಂದು ಇಲ್ಲಿ ಎಲ್ಲವೂ ಸರಿಯಾಗಿತ್ತು ಎಂದು ಬೀಗುವುದೂ ತಪ್ಪು. ನಮ್ಮ ಧರ್ಮಶಾಸ್ತ್ರಗಳಲ್ಲೂ ಇದಕ್ಕೆ ಪ್ರಾಯಶ್ಚಿತ್ತ ಹೇಳಿದೆ. ಬೃಹನ್ನಳೆಯನ್ನೂ ಶಿಖಂಡಿಯನ್ನೂ ರಾತ್ರಿಯಿಡೀ ಕೂತು ಬಯಲಾಟದಲ್ಲಿ ನೋಡುವ ಊರು, ಬೆಳಗಾದರೆ ಪಕ್ಕದ ಮನೆಯ ಹುಡುಗನ ನಡಿಗೆ ನೋಡಿ ನಗುತ್ತದೆ. ಅಂದಹಾಗೆ, ಈ ವಿಷಯದಲ್ಲಿ ಪತ್ರಿಕೆಗಳು ಬಹುಕಾಲ ಬಳಸಿದ ಪದ ‘ಸಲಿಂಗಕಾಮಿ’. ಗಂಡು-ಹೆಣ್ಣು ಒಲಿದರೆ ಪ್ರೇಮ, ಇವರು ಒಲಿದರೆ ಕಾಮ ಎಂಬ ಭೇದ ಆ ಪದದಲ್ಲೇ ಇತ್ತು. ಈಗೀಗ ‘ಸಲಿಂಗಪ್ರೇಮಿ’ ಎಂದು ಬರೆಯುವವರು ಹೆಚ್ಚುತ್ತಿದ್ದಾರೆ.

ಪುಸ್ತಕ ಬಂದ ಮೇಲೆ ನಾಡಿನ ಮೂಲೆಮೂಲೆಗಳಿಂದ ವಸುಧೇಂದ್ರರನ್ನು ಹುಡುಕಿಕೊಂಡು ಕರೆ, ಪತ್ರಗಳು ಬಂದವು. ತನ್ನ ಹಾಗೆ ಇನ್ನೊಬ್ಬ ಇದ್ದಾನೆ, ಅವನು ಕನ್ನಡದಲ್ಲಿ ಮಾತಾಡುತ್ತಾನೆ ಎಂಬುದೇ ಅವರಿಗೆ ದೊಡ್ಡ ಸುದ್ದಿ. ಅವರ ಮಾತು ಕೇಳಿ ಸಮಾಧಾನ ಹೇಳುವ ಕೆಲಸವನ್ನೂ ಲೇಖಕರು ಮೈಮೇಲೆ ಹಾಕಿಕೊಂಡರು.

ಹೆತ್ತವರಿಗೆ ಇದರಲ್ಲಿ ಯೋಚಿಸಬೇಕಾದದ್ದು ಬೇಕಾದಷ್ಟಿದೆ. ಮಗ ಹೀಗೆ ಎಂದು ಅನುಮಾನ ಬಂದ ಮನೆಯಲ್ಲಿ ಮೊದಲು ಹೊರಡುವ ಮಾತು ‘ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ’. ಸರಿಹೋಗುವುದಿಲ್ಲ. ಒಬ್ಬನ ದುಃಖ ಇಬ್ಬರದಾಗುತ್ತದೆ. ಏನೂ ತಿಳಿಯದ ಆ ಹೆಣ್ಣುಮಗಳು, ತನ್ನಲ್ಲೇ ಏನೋ ಕೊರತೆ ಇರಬೇಕೆಂದು ವರ್ಷಗಟ್ಟಲೆ ನವೆಯುತ್ತಾಳೆ. ಅವಳ ತವರಿನವರು ಸಾಲ ಮಾಡಿ ಛತ್ರ ಹಿಡಿದಿರುತ್ತಾರೆ. ‘ಕಗ್ಗಂಟು’ ಕಥೆಯನ್ನು ಕಾರ್ತಿಕ್‌ನ ಕೈಹಿಡಿಯುವ ಹುಡುಗಿಯ ಕಡೆಯಿಂದ ಒಮ್ಮೆ ಊಹಿಸಿಕೊಂಡರೆ ಸಾಕು.

ಎರಡನೆಯ ದಾರಿ ಡಾಕ್ಟರು, ಮಂತ್ರವಾದಿ, ಹರಕೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದೆ. ಇದು ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಸ್ಪಷ್ಟವಾಗಿ ಹೇಳಿತು. ‘ಬದಲಾಯಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವುದು ವೈದ್ಯನಿಗೆ ತಕ್ಕುದಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು. ಅಂಥ ಚಿಕಿತ್ಸೆಗೆ ದುಡ್ಡು ಕೇಳುವವನು ಬೋರ್ಡು ಎಷ್ಟೇ ದೊಡ್ಡದು ಹಾಕಿಕೊಂಡಿರಲಿ, ಅವನ ಮೆಟ್ಟಿಲು ಹತ್ತದಿರುವುದು ಒಳ್ಳೆಯದು.

ಶಾಲೆಯ ಮೇಷ್ಟ್ರುಗಳ ವಿಚಾರ ಬೇರೆ. ಹುಡುಗನೊಬ್ಬ ಪಾಠ ಒಪ್ಪಿಸುವಾಗ ತರಗತಿ ಕಿಸಕ್ಕೆಂದರೆ, ಮೇಷ್ಟ್ರೂ ಅರೆಕ್ಷಣ ನಕ್ಕುಬಿಡುವುದುಂಟು. ಅದು ತರಗತಿಗೆ ಸಿಕ್ಕ ಪರವಾನಗಿ. ಓರಿಲ್ಲಾ ಮಿಲ್ಲರ್ ದೊಡ್ಡ ಹೋರಾಟವನ್ನೇನೂ ಮಾಡಲಿಲ್ಲ. ಒಬ್ಬ ಹುಡುಗನನ್ನು ನಾಟಕಕ್ಕೆ ಕರೆದುಕೊಂಡು ಹೋದಳು.

ಓದುವ ಮಾತಿಗೆ ಬಂದರೆ, ‘ಮೋಹನಸ್ವಾಮಿ’ ಹೈಸ್ಕೂಲು ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ. ಅದರಲ್ಲಿ ವಯಸ್ಕರ ಬದುಕಿನ ಬಿಚ್ಚುಮಾತುಗಳಿವೆ. ಕಾಲೇಜಿನವರು ಓದಬಹುದು, ಅವರಿಗಿಂತ ಮೊದಲು ಅವರ ಅಪ್ಪ-ಅಮ್ಮ ಓದಿದರೆ ಇನ್ನೂ ಮೇಲು. ಕಿರಿಯರು ‘ನಮ್ಮಮ್ಮ ಅಂದ್ರೆ ನಂಗಿಷ್ಟ’ದಿಂದ ಶುರುಮಾಡಲಿ. ಪುಸ್ತಕ ಸಿಗದ ಊರಿನವರು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕೇಳಿ ತರಿಸಿಕೊಳ್ಳಬಹುದು. ಓದುಗರು ಬಾಯಿಬಿಟ್ಟು ಕೇಳದ ಪುಸ್ತಕ ಹಳ್ಳಿಯ ಕಪಾಟಿಗೆ ಬರುವುದ ಕಡಿಮೆ.

ಮಗು ಊಟ ಬಿಟ್ಟಿದ್ದರೆ, ಶಾಲೆಗೆ ಹೋಗಲು ಹಟ ಮಾಡುತ್ತಿದ್ದರೆ, ಸಾಯುವ ಮಾತಾಡಿದರೆ, ಕಾರಣ ತಿಳಿಯುವವರೆಗೆ ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಹಗಲು-ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಫೋನನ್ನು ಮಗುವೇ ಮಾಡಬೇಕೆಂದಿಲ್ಲ, ಹೆತ್ತವರೂ ಮಾಡಬಹುದು.